ತಿದ್ದಿ ತೀಡಿದ ಕಲ್ಲು: ಗ್ರೀಕ್ ಕಲೆಯ ಆರು ಶತಮಾನ

ಒಲಿಂಪಿಯದ ಹೇರಾ ದೇವಾಲಯದ ಕಂಬಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಒಂದು ದಪ್ಪ, ಇನ್ನೊಂದು ಸಪೂರ. ಬೋದಿಗೆಗಳ ಉಬ್ಬೂ ಬೇರೆ ಬೇರೆ. ಕ್ರಿ.ಪೂ. 600ರ ಸುಮಾರಿಗೆ ಗುಡಿ ಎದ್ದಾಗ ಅಲ್ಲಿದ್ದದ್ದು ಮರದ ಕಂಬಗಳು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಮರ ಜೀರ್ಣವಾದ ಹಾಗೆಲ್ಲ ಒಂದೊಂದಾಗಿ ಕಲ್ಲಿನ ಕಂಬ ಬಂತು, ಅದೂ ಆಯಾ ಕಾಲದ ಅಭಿರುಚಿಗೆ ತಕ್ಕ ಹಾಗೆ. ಕ್ರಿ.ಶ. 2ನೇ ಶತಮಾನದಲ್ಲಿ ಅಲ್ಲಿಗೆ ಹೋದ ಗ್ರೀಕ್ ಪ್ರವಾಸಿ ಪೌಸೇನಿಯಸ್, ಹಿಂಬದಿಯ ಮಂಟಪದಲ್ಲಿ ಓಕ್ ಮರದ ಕಂಬವೊಂದು ಇನ್ನೂ ಉಳಿದಿತ್ತೆಂದು ಬರೆದಿದ್ದಾನೆ.

ಗ್ರೀಕ್ ಕಲೆಯ ಜಾಯಮಾನವೇ ಇದು. ಬೆರಳೆಣಿಕೆಯ ಮಾದರಿಗಳನ್ನು ಹಿಡಿದು ತಲೆಮಾರುಗಟ್ಟಲೆ ತಿದ್ದುತ್ತ ಹೋಗುವುದು.

ಮಡಕೆಯಿಂದಲೇ ಶುರುಮಾಡಬಹುದು. ಕ್ರಿ.ಪೂ. 8ನೇ ಶತಮಾನದ ನಡುವಿನಲ್ಲಿ ಅಥೆನ್ಸ್‌ನ ಸ್ಮಶಾನದಲ್ಲಿ ಗೋರಿಯ ಗುರುತಾಗಿ ನಿಲ್ಲಿಸಿದ್ದ ಡಿಪಿಲಾನ್ ಕೊಡ ಒಂದೂವರೆ ಮೀಟರಿಗೂ ಎತ್ತರ. ಮೈತುಂಬ ರೇಖಾಚಿತ್ತಾರ, ನಡುವೆ ಹೆಣದ ಸುತ್ತ ಅಳುವ ಜನ, ಎಲ್ಲರ ಎದೆಯೂ ತ್ರಿಕೋನ. ಇನ್ನೂರು ವರ್ಷದ ನಂತರ ಎಕ್ಸೆಕಿಯಾಸ್ ಬರೆದ ಅಕಿಲೀಸ್ ಮತ್ತು ಏಜಾಕ್ಸ್ ಯುದ್ಧದ ಬಿಡುವಿನಲ್ಲಿ ಪಗಡೆಯಂಥ ಆಟಕ್ಕೆ ಕೂತಿದ್ದಾರೆ, ಈಟಿ ಮಾತ್ರ ಕೈಬಿಟ್ಟಿಲ್ಲ. ಈ ಮಡಕೆಗಳ ಹೊಳೆಯುವ ಕಪ್ಪು ಬಣ್ಣವಲ್ಲ, ಸೋಸಿದ ಜೇಡಿಮಣ್ಣಿನ ಲೇಪ. ಮೊದಲು ಆವಿಗೆಗೆ ಗಾಳಿ ಬಿಟ್ಟರೆ ಇಡೀ ಮಡಕೆ ಕೆಂಪಾಗುತ್ತದೆ. ಗಾಳಿಕಂಡಿ ಮುಚ್ಚಿ ಹೊಗೆಯಾಡಿಸಿದರೆ ಪೂರ್ತಿ ಕಪ್ಪು. ಮತ್ತೆ ಗಾಳಿ ಬಿಟ್ಟಾಗ ಬರಿಯ ಮೈ ಕೆಂಪಿಗೆ ಮರಳುತ್ತದೆ, ಗಾಜುಗಟ್ಟಿದ ಲೇಪ ಕಪ್ಪಾಗಿಯೇ ಉಳಿಯುತ್ತದೆ. ಕ್ರಿ.ಪೂ. 530–520ರ ಹೊತ್ತಿಗೆ ಅಥೆನ್ಸಿನವರು ಈ ಲೆಕ್ಕವನ್ನು ತಿರುವಿಹಾಕಿದರು: ಹಿನ್ನೆಲೆ ಕಪ್ಪು, ಆಕೃತಿ ಕೆಂಪು. ಕೊರೆಯುವ ಮೊಳೆಯ ಬದಲು ಕುಂಚ ಕೈಗೆ ಬಂದದ್ದರಿಂದ ಸ್ನಾಯು, ಸೆರಗಿನ ನೆರಿಗೆ ಎಲ್ಲ ಸಲೀಸಾದವು.

ಶಿಲ್ಪದ ಕಥೆಯೂ ಇಂಥದೇ. ಎಡಗಾಲು ಮುಂದಿಟ್ಟು, ಮುಷ್ಟಿ ಬಿಗಿದು, ನೇರ ನೋಡುವ ಬೆತ್ತಲೆ ತರುಣನ (‘ಕೂರಸ್’) ನಿಲುವು ಈಜಿಪ್ಟಿನಿಂದ ಬಂದದ್ದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ ಕೂರಸ್ ಪ್ರತಿಮೆಗೆ ಹೊಟ್ಟೆಯ ಸ್ನಾಯುಗಳೆಂದರೆ ಮೈಮೇಲೆ ಕೊರೆದ ಗೆರೆ. ಅರ್ಧ ಶತಮಾನದಲ್ಲಿ, ಅನಾವಿಸೋಸ್‌ನ ಕ್ರೋಯಿಸೋಸ್ ಪ್ರತಿಮೆಯಲ್ಲಿ, ಅದೇ ನಿಲುವಿಗೆ ಮಾಂಸ ತುಂಬಿತು. ಕ್ರಿ.ಪೂ. 480ರ ಆಸುಪಾಸಿನ ‘ಕ್ರಿಟಿಯೋಸ್ ಹುಡುಗ’ ಭಾರವನ್ನೆಲ್ಲ ಒಂದು ಕಾಲಿಗೆ ಹಾಕಿದ. ಆ ಕಡೆಯ ಸೊಂಟ ಏರಿತು, ತಲೆ ತುಸು ಹೊರಳಿತು. ಇಷ್ಟು ಸಣ್ಣ ತಿದ್ದುಪಡಿಗೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಶಿಲ್ಪಿ ಪಾಲಿಕ್ಲಿಟಸ್ ಮುಂದೆ ಅಂಗಾಂಗಗಳ ಅಳತೆಯ ಬಗ್ಗೆ ಪುಸ್ತಕವನ್ನೇ ಬರೆದ. ಪುಸ್ತಕವೂ ಇಲ್ಲ, ಅವನ ಕಂಚಿನ ಈಟಿಗಾರನೂ ಇಲ್ಲ. ಇರುವುದು ರೋಮನರು ಅಮೃತಶಿಲೆಯಲ್ಲಿ ಮಾಡಿಸಿದ ನಕಲು. ಕಂಚು ಬಹುಮಟ್ಟಿಗೆ ಕರಗಿಸುವವರ ಪಾಲಾಯಿತು. 1972ರಲ್ಲಿ ಇಟಲಿಯ ರಿಯಾಚೆ ಬಳಿ ಸಮುದ್ರದಲ್ಲಿ ಸಿಕ್ಕ ಇಬ್ಬರು ಯೋಧರನ್ನು ಕಂಡರೆ ಕಳೆದುಕೊಂಡದ್ದೆಷ್ಟು ಎಂದು ತಿಳಿಯುತ್ತದೆ: ತುಟಿ ತಾಮ್ರದ್ದು, ಒಬ್ಬನ ಹಲ್ಲು ಬೆಳ್ಳಿಯದು. ಅಮೃತಶಿಲೆಯೂ ಬಿಳುಪಾಗಿರಲಿಲ್ಲ, ಬಣ್ಣ ಬಳಿದಿರುತ್ತಿದ್ದರು. ಬಿಳಿ ಗ್ರೀಸ್ ಎಂಬುದು ಮಳೆ, ಮಣ್ಣು ಮತ್ತು ನಂತರದವರ ಕಲ್ಪನೆ ಸೇರಿ ಮಾಡಿದ ಸೃಷ್ಟಿ.

ತಿದ್ದುವ ಈ ಹಟ ತುದಿ ಮುಟ್ಟಿದ್ದು ಪಾರ್ಥೆನಾನ್‌ನಲ್ಲಿ (ಕ್ರಿ.ಪೂ. 447–432). ಇಕ್ಟಿನಸ್, ಕಲ್ಲಿಕ್ರಟೀಸ್ ಕಟ್ಟಿದವರು. ಶಿಲ್ಪದ ಮೇಲ್ವಿಚಾರಣೆ ಫಿಡಿಯಾಸ್‌ನದು. ಅದರ ಡೋರಿಕ್ ಅಚ್ಚು ಹಳೆಯದೇ. ಸೂರಿನ ಕೆಳಗಿನ ಮೂರು ಪಟ್ಟಿಯ ಕಲ್ಲುಗಳು ಮರದ ತೊಲೆತುದಿಗಳ ಕುರುಹು ಎನ್ನುತ್ತಾನೆ ರೋಮಿನ ವಿಟ್ರೂವಿಯಸ್. ಹೊಸತನವಿರುವುದು ಅಳತೆಯಲ್ಲಿ. ಸುಮಾರು 70 ಮೀಟರ್ ಉದ್ದದ ಜಗತಿ ನಡುವಿನಲ್ಲಿ 11 ಸೆಂ.ಮೀ.ನಷ್ಟು ಉಬ್ಬಿದೆ. ಕಂಬಗಳು ಒಳಕ್ಕೆ ಚೂರು ವಾಲಿವೆ, ಮೂಲೆಯವು ಉಳಿದವುಗಳಿಗಿಂತ ದಪ್ಪ. ಕಣ್ಣಿಗೆ ನೇರ ಕಂಡದ್ದು ನೇರವಿಲ್ಲ. ಹಾಗಾಗಿ ಕಲ್ಲುಗಳನ್ನು ಅವುಗಳ ಜಾಗ ನೋಡಿಯೇ ಕಡಿಯಬೇಕಾಯಿತು.

ಅದಾದ ಮೇಲೆ ಕಲೆ ಮೆದುವಾಯಿತು. ಶಿಲ್ಪಿ ಪ್ರಾಕ್ಸಿಟಲೀಸ್ ಪ್ರೇಮದೇವತೆ ಅಫ್ರೊಡೈಟಿಯ ಎರಡು ಮೂರ್ತಿಗಳನ್ನು ಮಾಡಿದನಂತೆ. ಕೋಸ್ ಊರಿನವರು ಮರ್ಯಾದೆಗೆ ಅಂಜಿ ಬಟ್ಟೆಯುಟ್ಟವಳನ್ನು ಆರಿಸಿಕೊಂಡರು, ನಗ್ನಳನ್ನು ಕೊಂಡ ನೈಡಸ್ ಊರು ಜಗತ್ಪ್ರಸಿದ್ಧವಾಯಿತು. ಊರಿನ ಸಾಲ ತೀರಿಸುತ್ತೇನೆಂದು ರಾಜನೊಬ್ಬ ಕೇಳಿದರೂ ಅವರು ಮೂರ್ತಿ ಕೊಡಲಿಲ್ಲ ಎಂದು ರೋಮನ್ ಲೇಖಕ ಪ್ಲಿನಿ ಹೇಳುತ್ತಾನೆ. ಕ್ರಿ.ಪೂ. 2ನೇ ಶತಮಾನದ ಪೆರ್ಗಮಾನ್ ಬಲಿಪೀಠದಲ್ಲಿ ಸಂಯಮ ಪೂರಾ ಕಟ್ಟೊಡೆದಿದೆ: ದೇವತೆಗಳೊಡನೆ ಕಾದುವ ದೈತ್ಯರು ಉಬ್ಬುಶಿಲ್ಪದ ಪಟ್ಟಿಯಿಂದ ಹೊರಬಿದ್ದು ಮೆಟ್ಟಿಲಿಗೆ ಮೊಣಕಾಲೂರಿದ್ದಾರೆ. ಇದನ್ನು ಅವನತಿ ಎನ್ನುವವರಿದ್ದಾರೆ. ಆ ಮೊಣಕಾಲನ್ನು ನೋಡಿದ ಮೇಲೆ ಒಪ್ಪುವುದು ಕಷ್ಟ.

ಅಲೆಕ್ಸಾಂಡರನ ಹಿಂದೆಯೇ ಈ ಮಾದರಿಗಳು ಪೂರ್ವಕ್ಕೂ ನಡೆದವು. ಅಫ್ಘಾನಿಸ್ತಾನದ ಅಮು ದರಿಯಾ ದಂಡೆಯ ಐ ಖಾನುಂನಲ್ಲಿ ಫ್ರೆಂಚ್ ಉತ್ಖನನಕಾರರಿಗೆ ರಂಗಮಂದಿರ, ಗರಡಿಮನೆ, ಎಲೆ ಬಿಡಿಸಿದ ಕೊರಿಂಥಿಯನ್ ಬೋದಿಗೆಗಳು ಸಿಕ್ಕವು; ಗೋಡೆಗಳು ಮಾತ್ರ ಸ್ಥಳೀಯ ರೀತಿಯ ಹಸಿ ಇಟ್ಟಿಗೆಯವು. ಕೆಲವು ಶತಮಾನಗಳ ಬಳಿಕ ಗಾಂಧಾರದ ಶಿಲ್ಪಿಗಳು ಅದೇ ಬೋದಿಗೆಯ ಎಲೆಗಳ ನಡುವೆ ಬುದ್ಧನನ್ನು ಕೂರಿಸಿದರು.