ಮನೆಬಾಗಿಲಿಗೆ ಊಟ: ವೃದ್ಧರ ಆಹಾರ ಸೇವೆ ಬೆಳೆದ ಬಗೆ

ಮನೆಯಿಂದ ಹೊರಗೆ ಕಾಲಿಡಲಾರದ, ಒಲೆಯ ಮುಂದೆ ನಿಂತು ಬೇಯಿಸಿಕೊಳ್ಳಲೂ ಆಗದ ವೃದ್ಧರಿಗೆ ಊಟ ತಲುಪಿಸುವ ‘ಮೀಲ್ಸ್ ಆನ್ ವೀಲ್ಸ್’ ಸೇವೆ ಎರಡನೆಯ ಮಹಾಯುದ್ಧ ಕಾಲದ ಬ್ರಿಟನ್ನಿನಲ್ಲಿ ಹುಟ್ಟಿತು. ಲೇಡಿ ರೀಡಿಂಗ್ 1938ರಲ್ಲಿ ಕಟ್ಟಿದ ಮಹಿಳಾ ಸ್ವಯಂಸೇವಾ ಸಂಘಟನೆಯವರು ಬಾಂಬ್ ದಾಳಿಯಲ್ಲಿ ಮನೆ ಕಳೆದುಕೊಂಡವರಿಗೆ ಅನ್ನಾಹಾರ ಒದಗಿಸುತ್ತಿದ್ದರು. ಅದೇ ಸಂಘಟನೆ ವೃದ್ಧರಿಗೂ ಊಟ ಒಯ್ಯತೊಡಗಿತು. ಮೊದಮೊದಲು ಊಟದ ವಾಹನವೆಂದರೆ ಮಗುವನ್ನು ಕೂರಿಸಿ ತಳ್ಳುವ ಹಳೆಯ ಗಾಡಿ. ಬಿಸಿ ಆರದಂತೆ ಪಾತ್ರೆಗಳ ಸುತ್ತ ಒಣಹುಲ್ಲು ತುಂಬುತ್ತಿದ್ದರು. ಇಂಥ ಸೇವೆಗೆ ನೆರವು ನೀಡುವ ಅಧಿಕಾರ ಸ್ಥಳೀಯ ಆಡಳಿತಗಳಿಗೆ 1948ರ ಕಾಯ್ದೆಯಿಂದ ದೊರೆಯಿತು. ತಾವೇ ಊಟ ಒದಗಿಸುವ ಅಧಿಕಾರ ಸಿಕ್ಕಿದ್ದು 1962ರಲ್ಲಿ.

ಯುದ್ಧ ಮುಗಿದ ಮೇಲೆ ಈ ಪದ್ಧತಿ ಬೇರೆ ದೇಶಗಳಿಗೂ ಹಬ್ಬಿತು. ಬಾಲ್ಯದಲ್ಲೇ ಬಿದ್ದು ನಡೆದಾಡುವ ಶಕ್ತಿ ಕಳೆದುಕೊಂಡು ಗಾಲಿಕುರ್ಚಿಯಲ್ಲಿದ್ದ ಡೋರಿಸ್ ಟೇಲರ್ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಇಂಥದೇ ಸಂಸ್ಥೆ ಕಟ್ಟಿದರು. 1954ರಲ್ಲಿ ಪೋರ್ಟ್ ಅಡಿಲೇಡ್‌ನಲ್ಲಿ ಅದರ ಮೊದಲ ಅಡುಗೆಮನೆ ಶುರುವಾಯಿತು. ಅದೇ ವರ್ಷ ಅಮೆರಿಕದ ಫಿಲಡೆಲ್ಫಿಯಾದಲ್ಲೂ ಸೇವೆ ಆರಂಭಗೊಂಡಿತು. ಅಲ್ಲಿ ಮನೆಮನೆಗೆ ಊಟ ಮುಟ್ಟಿಸುತ್ತಿದ್ದವರಲ್ಲಿ ಹೆಚ್ಚಿನವರು ಪ್ರೌಢಶಾಲೆಯ ವಿದ್ಯಾರ್ಥಿಗಳು.

ಅಲ್ಲಿಯವರೆಗೆ ಹಸಿವು ನೀಗಿಸುವುದೇ ಮುಖ್ಯವಾಗಿತ್ತು. ಅಮೆರಿಕದ ವೃದ್ಧರ ಕಾಯ್ದೆಗೆ 1972ರಲ್ಲಿ ತಂದ ತಿದ್ದುಪಡಿ ಪೌಷ್ಟಿಕತೆಗೆ ಲೆಕ್ಕವನ್ನು ಗೊತ್ತುಮಾಡಿತು: ಪ್ರತಿ ಊಟವೂ ದಿನಕ್ಕೆ ಬೇಕಾದ ಪೋಷಕಾಂಶಗಳಲ್ಲಿ ಕನಿಷ್ಠ ಮೂರನೆಯ ಒಂದು ಭಾಗ ಕೊಡಬೇಕು. ಆರಂಭದಲ್ಲಿ ಒತ್ತು ಇದ್ದದ್ದು ಸಾಮೂಹಿಕ ಭೋಜನ ಕೇಂದ್ರಗಳ ಮೇಲೆ. ಮನೆಗೆ ತಲುಪಿಸುವ ಊಟಕ್ಕೆ 1978ರಲ್ಲಿ ಪ್ರತ್ಯೇಕ ಅನುದಾನ ಬಂತು.

ಮುಂದಿನ ದಶಕಗಳಲ್ಲಿ ಗಮನ ತಟ್ಟೆಯಿಂದ ಉಣ್ಣುವವರ ಕಡೆಗೆ ಹೊರಳಿತು. 1990ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ 10 ಅಂಶಗಳ ತಪಾಸಣಾ ಪಟ್ಟಿ ಇದಕ್ಕೆ ಸಾಕ್ಷಿ. ಒಬ್ಬರೇ ಉಣ್ಣುವುದು, ಹಲ್ಲು ಮತ್ತು ಬಾಯಿಯ ತೊಂದರೆ, ದಿನಕ್ಕೆ ಮೂರು ಅಥವಾ ಹೆಚ್ಚು ಔಷಧಿ, ಕೈಯಲ್ಲಿ ಕಾಸಿಲ್ಲದಿರುವುದು, ತಾನಾಗಿ ತೂಕ ಇಳಿಯುವುದು ಎಲ್ಲವೂ ಅದರಲ್ಲಿ ಅಪಾಯದ ಗುರುತುಗಳು. ವಯಸ್ಸಾದಂತೆ ಹಸಿವು ತಗ್ಗುತ್ತದೆ, ಸ್ನಾಯು ಕರಗುತ್ತದೆ. ಆದ್ದರಿಂದ ತಿನ್ನುವ ತುತ್ತು ಕಡಿಮೆಯಾದರೂ ಪ್ರೋಟೀನ್ ಕಡಿಮೆಯಾಗುವಂತಿಲ್ಲ. ಬಿಸಿಲಿಗೆ ಬಾರದವರಿಗೆ ‘ಡಿ’ ಜೀವಸತ್ವದ ಕೊರತೆಯೂ ಕಾಡುತ್ತದೆ. ಮೆತ್ತಗಿನ ಊಟ, ಉಪ್ಪು ಕಡಿಮೆಯ ಊಟ, ಮಧುಮೇಹಿಗಳ ಊಟ ಎಂಬ ಬಗೆಗಳು ಬೆಳೆದದ್ದು ಇಂಥ ಅಗತ್ಯಗಳಿಂದಲೇ.

ಹಲವು ದಿನಗಳ ಊಟವನ್ನು ಒಮ್ಮೆಗೇ ಕೊಡುವ ಶೈತ್ಯೀಕರಿಸಿದ ಪೊಟ್ಟಣಗಳು ಖರ್ಚು ತಗ್ಗಿಸಿದವು. ಆದರೆ ದಿನಕ್ಕೊಮ್ಮೆ ಬಾಗಿಲು ತಟ್ಟಿ, ಕುಶಲ ಕೇಳಿ, ನಿನ್ನೆಯ ಊಟ ಹಾಗೇ ಉಳಿದಿದೆಯೇ ಎಂದು ನೋಡುವ ಅವಕಾಶ ಅದರಿಂದ ತಪ್ಪಿತು. ದಿನಕ್ಕೊಂದೇ ಊಟ ಬರುವ ಮನೆಗಳಲ್ಲಿ ಅದನ್ನೇ ಎರಡು ಹೊತ್ತಿಗೆ ಹಂಚಿಕೊಳ್ಳುವ ವೃದ್ಧರಿದ್ದಾರೆ. ಕಾಯ್ದೆಯ ಲೆಕ್ಕದಲ್ಲಿ ಆ ಒಂದು ಊಟ ದಿನದ ಅಗತ್ಯದ ಮೂರನೆಯ ಒಂದು ಭಾಗ ಮಾತ್ರ. ಉಳಿದೆರಡು ಭಾಗದ ಹೊಣೆಯನ್ನು ಮನೆಯವರೋ ನೆರೆಯವರೋ ಸರ್ಕಾರವೋ ಹೊರದಿದ್ದರೆ ಊಟ ಬಂದ ಮನೆಯಲ್ಲೂ ಅಪೌಷ್ಟಿಕತೆ ಉಳಿಯುತ್ತದೆ.