ಸಮತಲಪ್ರಮಾಣವೂ ಮೂರು ಫಲಕಗಳ ವಿಧಾನವೂ

ಹಳೆಯ ತೋಪಡದ ತಳವು ಸವೆದು ಡೊಂಕಾಗಿದ್ದಲ್ಲಿ, ಅದನ್ನು ಸರಿಪಡಿಸುವವನು ಮೊದಲು ಒಂದು ಸಮತಲವನ್ನು ಪ್ರಮಾಣವಾಗಿ ಅಂಗೀಕರಿಸಬೇಕಾಗುತ್ತದೆ. ಪ್ರಮಾಣವೇ ದುಷ್ಟವಾದರೆ ಪ್ರಮೇಯಕ್ಕೆ ಶುದ್ಧಿಯೆಲ್ಲಿಯದು? ಆ ತಲವನ್ನು ಮತ್ತೊಂದರಿಂದ, ಅದನ್ನು ಇನ್ನೊಂದರಿಂದ ಪರೀಕ್ಷಿಸಹೊರಟರೆ ಅನವಸ್ಥಾದೋಷವು ಪ್ರಾಪ್ತವಾಗುತ್ತದೆ. ಆಂಗ್ಲದೇಶದ ಯಂತ್ರಶಿಲ್ಪಿಗಳು ಇದನ್ನು ಪರಿಹರಿಸಿದ ಬಗೆಯು ವಿಚಾರಾರ್ಹವಾದುದು.

ಸೂರ್ಯಸಿದ್ಧಾಂತದ ತ್ರಿಪ್ರಶ್ನಾಧಿಕಾರವು ಶಂಕುಸ್ಥಾಪನೆಗೆ ನೀರಿನಿಂದ ಶೋಧಿಸಿದ ಶಿಲಾತಲವನ್ನಾಗಲಿ ಗಟ್ಟಿಯಾದ ಗಾರೆಯ ತಲವನ್ನಾಗಲಿ ವಿಧಿಸುತ್ತದೆ. ನೆರಳನ್ನಳೆಯಲು ಅಷ್ಟು ಸಾಕು. ಲೋಹದ ಮೇಲೆ ಲೋಹವು ಜಾರಬೇಕಾದಲ್ಲಿ ಸಾಲದು.

೧೮೪೦ರಲ್ಲಿ ಗ್ಲಾಸ್ಗೋ ನಗರದಲ್ಲಿ ನೆರೆದ ಬ್ರಿಟಿಷ್ ಅಸೋಸಿಯೇಷನ್ನಿನ ಸಭೆಯಲ್ಲಿ ಜೋಸೆಫ್ ವಿಟ್‌ವರ್ತನು (೧೮೦೩–೧೮೮೭) ಲೋಹಸಮತಲಗಳನ್ನು ಕುರಿತು ಪ್ರಬಂಧವನ್ನೋದಿದನು. ಫಲಕಗಳನ್ನು ಕುರುಂದದ ಪುಡಿಯಿಂದ ಪರಸ್ಪರ ತಿಕ್ಕುವ ರೂಢಿಯನ್ನು ಆತನು ಖಂಡಿಸಿದನು. ಪುಡಿಯು ಎಲ್ಲೆಡೆಯೂ ಸಮನಾಗಿ ಹರಡದು. ಆದುದರಿಂದ ಉಬ್ಬಿದ ಎಡೆಗಳನ್ನು ಮಾತ್ರ ಚೂಪಾದ ಉಕ್ಕಿನಿಂದ ಹೆರೆದು ತೆಗೆಯತಕ್ಕದ್ದೆಂದು ಆತನ ಮತ.

ವಿಧಾನವಿದು. ಎರಡು ಫಲಕಗಳು ಒಂದಕ್ಕೊಂದು ಹೊಂದಿದ ಮಾತ್ರಕ್ಕೆ ಸಮವೆನಲಾಗದು. ಒಂದು ಉಬ್ಬಿ ಇನ್ನೊಂದು ತಗ್ಗಿದ್ದರೂ ಹೊಂದುತ್ತವೆ. ಮೂರನೆಯದನ್ನು ಉಬ್ಬಿದ ಮೊದಲನೆಯದಕ್ಕೆ ಹೊಂದಿಸಿದರೆ ಅದೂ ತಗ್ಗುವುದು. ಆಗ ತಗ್ಗಿದ ಎರಡನ್ನೂ ಎದುರಿಟ್ಟರೆ ಕಾವಿಬಣ್ಣವು ಅಂಚುಗಳಿಗೆ ಮಾತ್ರ ಹತ್ತಿ ದೋಷವನ್ನು ಬಯಲುಮಾಡುವುದು. ಮೂರೂ ಪರಸ್ಪರ ಹೊಂದುವವರೆಗೆ ಹೆರೆಯಬೇಕು. ಇಷ್ಟಾದರೂ ಮೂರಕ್ಕೂ ಒಂದೇ ಬಗೆಯ ತಿರುಚು ಉಳಿದಿರಬಹುದು. ಫಲಕವನ್ನು ಕಾಲುಸುತ್ತು ತಿರುಗಿಸಿ ನೋಡಿದಲ್ಲದೆ ಅದು ಗೋಚರಿಸದು. ಸಂಕ್ಷೇಪವಾಗಿ ಬರೆಯುವವರು ಈ ಮಾತನ್ನು ಬಿಟ್ಟುಬಿಡುವುದು ವಿಷಾದಕರ.

ಈ ವಿಧಾನದ ಕರ್ತೃತ್ವವನ್ನು ವಿಟ್‌ವರ್ತನೊಬ್ಬನಿಗೇ ಆರೋಪಿಸುವುದು ಸಮಂಜಸವಲ್ಲ. ಆತನು ೧೮೨೫ರಿಂದ ಲಂಡನ್ನಿನಲ್ಲಿ ಹೆನ್ರಿ ಮಾಡ್‌ಸ್ಲೆಯ (೧೭೭೧–೧೮೩೧) ಕಾರ್ಖಾನೆಯಲ್ಲಿ ದುಡಿದವನು. ಅಲ್ಲಿಯೇ ೧೮೨೯ರಲ್ಲಿ ಸೇರಿದ ಜೇಮ್ಸ್ ನಾಸ್ಮಿತನು, ಕೆಲಸಗಾರರ ಬಳಿ ಪ್ರಮಾಣಫಲಕಗಳಿದ್ದುವೆಂದು ೧೮೮೩ರಲ್ಲಿ ಪ್ರಕಟವಾದ ತನ್ನ ಆತ್ಮಚರಿತ್ರೆಯಲ್ಲಿ ಹೇಳಿ, ಈ ಕೌಶಲವೇ ಬಹು ಹಳೆಯದೆಂದು ಭಾವಿಸಿದ್ದಾನೆ. ಹೆರೆಯುವಿಕೆಯ ಸಮರ್ಥನೆ ಹಾಗೂ ಪ್ರಚಾರಗಳಷ್ಟೇ ವಿಟ್‌ವರ್ತನಿಗೆ ನಿಸ್ಸಂದೇಹವಾಗಿ ಸಲ್ಲತಕ್ಕವು.

ಗ್ರಾನೈಟ್ ಶಿಲೆಯ ಫಲಕಗಳು ಎರಡನೆಯ ಮಹಾಯುದ್ಧದ ಕಾಲದಿಂದ ಬಳಕೆಗೆ ಬಂದುವು. ೧೯೫೯ರಲ್ಲಿ ಪಿಲ್ಕಿಂಗ್ಟನ್ ಸಂಸ್ಥೆಯು ಕರಗಿದ ತವರದ ಮೇಲೆ ಗಾಜನ್ನು ತೇಲಿಸುವ ಕ್ರಮವನ್ನು ಪ್ರಕಟಿಸಿತು. ಶೋಧಕದ್ರವ್ಯವು ಪುನಃ ದ್ರವವೇ ಆದುದು ಸ್ವಾರಸ್ಯಕರ. ತೆಳುವಾದ ಗಾಜು ಭಾರಕ್ಕೆ ಬಾಗುವುದರಿಂದ ದಪ್ಪನೆಯ ಗಾಜನ್ನು ಸಮವಾದ ಹಲಗೆಯ ಮೇಲಿಟ್ಟು, ಮರಳುಕಾಗದವನ್ನಂಟಿಸಿ ತೋಪಡವನ್ನು ತಿಕ್ಕುವುದುಂಟು. ಬೀಡುಕಬ್ಬಿಣದ ಫಲಕವನ್ನು ಈ ತಿಕ್ಕಾಟಕ್ಕೆ ಎಂದಿಗೂ ಬಳಸಕೂಡದು. ಕಾವಿಯನ್ನು ತೆಳುವಾಗಿ ಸವರಿ, ಉಬ್ಬನ್ನು ಗುರುತಿಸುವುದಕ್ಕೆ ಮಾತ್ರ ಅದನ್ನು ಕಾದಿರಿಸತಕ್ಕದ್ದು.