ರೋರಿಕ್‌ನ ಹಿಮಾಲಯ ಚಿತ್ರಗಳು

ರಷ್ಯದ ಚಿತ್ರಕಾರ ನಿಕೊಲಾಯ್ ರೋರಿಕ್ (1874–1947) ರಚಿಸಿದ ಪರ್ವತದೃಶ್ಯಗಳು. ಮಧ್ಯ ಏಷ್ಯದ ದೀರ್ಘ ಪ್ರವಾಸ ಮುಗಿಸಿ 1928ರಲ್ಲಿ ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿದ ಈತ ಕೊನೆಯವರೆಗೂ ಬೆಟ್ಟಗಳ ಬೆನ್ನು ಬಿಡಲಿಲ್ಲ.

ಮಾಧ್ಯಮ ಹೆಚ್ಚಾಗಿ ಟೆಂಪೆರಾ. ಬೇಗ ಒಣಗುವ ಈ ಬಣ್ಣಕ್ಕೆ ಎಣ್ಣೆಬಣ್ಣದ ಮಿನುಗಿಲ್ಲ. ಹೊಳಪಿಲ್ಲದೆ ಸಪಾಟಾಗಿ ಕೂರುತ್ತದೆ, ಚಿತ್ರದ ಮೌನಕ್ಕೆ ಅರ್ಧ ಕಾರಣ ಇದೇ. ನೆರಳಿಗೆ ಕಪ್ಪಿನ ಬದಲು ಗಾಢ ನೀಲಿ, ನೇರಳೆ. ಹಿಮಕ್ಕೆ ಎಳೆಬಿಸಿಲು ತಾಗಿದಲ್ಲಿ ಗುಲಾಬಿ, ತೆಳುಹಳದಿ. ಬೆಟ್ಟಸಾಲುಗಳು ದೂರ ಸರಿದಂತೆ ತಿಳಿಯಾಗಿ ಆಕಾಶದ ಬಣ್ಣಕ್ಕೆ ಸಮೀಪಿಸುತ್ತವೆ. ಗಾಳಿಯಲ್ಲಿ ಬೆಳಕು ಚದುರುವುದರಿಂದ ಬರಿಗಣ್ಣಿಗೂ ಹಾಗೆಯೇ ಕಾಣುತ್ತದೆ. ಇದು ಬರಿಯ ಕಲ್ಪನೆಯಲ್ಲ. ಆದರೆ ದೂರದ ಶಿಖರದ ಅಂಚನ್ನೂ ಕತ್ತರಿಸಿಟ್ಟಷ್ಟು ಚೂಪಾಗಿ ಉಳಿಸಿಕೊಳ್ಳುವುದು ಈತನದೇ ಆಯ್ಕೆ. ತಪ್ಪಲನ್ನು ಮಂಜು ಮುಚ್ಚಿದಾಗ ತುದಿ ನೆಲ ಬಿಟ್ಟು ತೇಲಿದಂತಾಗುತ್ತದೆ. ಸಂಗೀತಕಾರ ಸ್ಟ್ರಾವಿನ್‌ಸ್ಕಿಯ 1913ರ ಬ್ಯಾಲೆಗೆ ರಂಗಸಜ್ಜಿಕೆ ಮಾಡಿದ ಕೈಯ ಗುರುತು ಇಲ್ಲಿ ಸಿಗುತ್ತದೆ.

ಸಾಲಾಗಿ ಹತ್ತಾರು ಚಿತ್ರ ನೋಡಿದರೆ ಈ ಗಾಂಭೀರ್ಯ ಏಕತಾನ ಎನಿಸುವುದೂ ಉಂಟು. ಚಿತ್ರಕಾರನೇ ಆಗಿದ್ದ ಮಗ ಸ್ವೆತೊಸ್ಲಾವ್ ಬೆಂಗಳೂರಿನ ಹೊರವಲಯದ ತಾತಗುಣಿಯಲ್ಲಿ ನೆಲೆಸಿದ್ದ. ತಂದೆ-ಮಗ ಇಬ್ಬರ ಕೃತಿಗಳೂ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಸಂಗ್ರಹದಲ್ಲಿವೆ.